ಹಿಡಿದದ್ದಕ್ಕೆ ಎಷ್ಟು ಅಂಕ?

ಕೆಲವು ವರ್ಷಗಳ ಹಿಂದೆ ಕಾರವಾರದ ಹಬ್ಬುವಾಡದಲ್ಲಿ ಒಂದು ಸಾರ್ವಜನಿಕ ಗಣೇಶೋತ್ಸವದ ಸಮೂಹ ನೃತ್ಯ ಸ್ಪರ್ಧೆಗೆ ನನ್ನನ್ನು ನಿರ್ಣಾಯಕಳಾಗಿ ಕರೆದಿದ್ದರು. ನೃತ್ಯದಲ್ಲಿ ನನಗೆ ಪರಿಣತಿ ಏನೂ ಇರಲಿಲ್ಲ. ಪಿಎಚ್.ಡಿ. ಮಾಡುತ್ತಿದ್ದೇನೆ ಎಂಬುದೇ ಅರ್ಹತೆಯಾಗಿತ್ತು. ಮೂವರು ನಿರ್ಣಾಯಕರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಇನ್ನೊಬ್ಬರು ಸಂಗೀತ ಕಲಿಸುವವರು, ಮೂರನೆಯವಳು ನಾನು. ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ನಾಲ್ಕು ಕಾಲಂಗಳಿದ್ದವು: ವೇಷಭೂಷಣ, ತಾಳ-ಲಯ, ಹೊಂದಾಣಿಕೆ, ಒಟ್ಟಾರೆ ಪರಿಣಾಮ. ಒಂದೊಂದಕ್ಕೆ 10 ಅಂಕ.

ಐದನೆಯದೋ ಆರನೆಯದೋ ತಂಡ ಏಳನೇ ತರಗತಿಯ ಆಸುಪಾಸಿನ ಹುಡುಗಿಯರದು. ಹಾಡಿನ ಕೊನೆಗೆ ಅವರು ಪಿರಮಿಡ್ ಕಟ್ಟಿದರು. ಕೆಳಗೆ ನಾಲ್ವರು, ಅವರ ಹೆಗಲ ಮೇಲೆ ಇಬ್ಬರು, ತುದಿಯಲ್ಲಿ ಒಬ್ಬಳು. ತುದಿಯವಳು ಎರಡೂ ಕೈ ಚಾಚಿ ನಿಲ್ಲಬೇಕಿತ್ತು. ನಿಂತಳು ಅನ್ನುವಷ್ಟರಲ್ಲಿ ಕೆಳಗಿನವಳೊಬ್ಬಳ ಕಾಲು ಜಾರಿತು, ಮೇಲಿನವಳು ಹಿಂದಕ್ಕೆ ವಾಲಿ ಬಿದ್ದಳು. ಹಿಂದೆ ನಿಂತಿದ್ದ ಇಬ್ಬರು ಹುಡುಗಿಯರು ಒಬ್ಬಳು ತೋಳನ್ನೂ ಒಬ್ಬಳು ಸೊಂಟವನ್ನೂ ಹಿಡಿದು ಅವಳನ್ನು ನೆಲಕ್ಕೆ ಇಳಿಸಿಕೊಂಡರು. ಜನ 'ಅಯ್ಯೋ' ಅಂದು ಮುಗಿಸುವುದರೊಳಗೆ ಎಲ್ಲರೂ ಸಾಲಾಗಿ ನಿಂತು ಕೈ ಮುಗಿದಿದ್ದರು. ನಾನು ಹೊಂದಾಣಿಕೆಯ ಕಾಲಂನಲ್ಲಿ 9 ಬರೆಯಬೇಕೆಂದಿದ್ದವಳು 7 ಬರೆದೆ.

ಫಲಿತಾಂಶದಲ್ಲಿ ಆ ತಂಡ ಒಂದು ಅಂಕದಿಂದ ಎರಡನೇ ಸ್ಥಾನ ಕಳೆದುಕೊಂಡಿತು. ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಹಿಡಿದವರಲ್ಲಿ ಒಬ್ಬಳು ನನ್ನ ಹತ್ತಿರ ಬಂದಳು.

'ಅಕ್ಕೋರೆ, ಅವ್ಳು ಬಿದ್ದಿದ್ದಕ್ಕೆ ಎಷ್ಟು ಕಳದ್ರಿ?'

ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಹಾಳೆ ಹಿಡಿದು ಕೂತವರೆಲ್ಲ ಮಕ್ಕಳಿಗೆ ಅಕ್ಕೋರೇ. ನಾನು ಸುಳ್ಳು ಹೇಳಲಿಲ್ಲ, 'ಎರಡು' ಅಂದೆ.

'ನಾವು ಹಿಡದದ್ದಕ್ಕೆ ಎಷ್ಟು ಕೊಟ್ರಿ?'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಕೇಳುವ ದನಿ ಅದು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ಹೊಳೆದು ನಾಚಿಕೆಯಾಯಿತು. ನಾನು ಅಂಕ ಕಳೆದದ್ದು ಹೊಂದಾಣಿಕೆಯ ಕಾಲಂನಲ್ಲಿ. ಆದರೆ ಆ ಸಂಜೆ ವೇದಿಕೆಯ ಮೇಲೆ ನಡೆದ ಅತ್ಯುತ್ತಮ ಹೊಂದಾಣಿಕೆ ಎಂದರೆ ಆ ಇಬ್ಬರು ಹುಡುಗಿಯರು ಮೂರನೆಯವಳನ್ನು ಹಿಡಿದದ್ದೇ ಆಗಿತ್ತು.

ಆ ಪ್ರಶ್ನೆಯೇ ನನ್ನನ್ನು ಚಿಯರ್‌ಲೀಡಿಂಗ್ ಸ್ಪರ್ಧೆಗಳ ನಿಯಮಗಳತ್ತ ಒಯ್ದಿತು. ಒಬ್ಬರನ್ನೊಬ್ಬರು ಎತ್ತಿ, ಎಸೆದು, ಹಿಡಿಯುವುದೇ ಕಸುಬಾದವರು ಇದಕ್ಕೆ ಹೇಗೆ ಅಂಕ ಕೊಡುತ್ತಾರೆಂದು ನೋಡಬೇಕಿತ್ತು. ಚಿಯರ್‌ಲೀಡರ್ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಐಪಿಎಲ್. 2008ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆದಾಗ ಬೆಂಗಳೂರು ತಂಡದವರು ಅಮೆರಿಕದಿಂದ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ಬೌಂಡರಿ ಗೆರೆಯ ಆಚೆ ಕುಣಿಯುವವರು, ಆಟಕ್ಕೆ ಅಲಂಕಾರ ಎಂಬ ಭಾವನೆ ಅಂದಿನಿಂದ ಉಳಿದುಬಿಟ್ಟಿದೆ. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಬೇರೆಯೇ. ಅಲ್ಲಿ ಬೇರೆ ಯಾರದೋ ಆಟವಿಲ್ಲ, ಇವರದೇ ಆಟ. ಒಂದು ತಂಡಕ್ಕೆ ಸುಮಾರು ಎರಡೂವರೆ ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಪಲ್ಟಿ ಹೊಡೆಯಬೇಕು, ಗೋಪುರ ಕಟ್ಟಬೇಕು, ಒಬ್ಬರನ್ನು ಗಾಳಿಗೆ ಎಸೆದು ಮತ್ತೆ ಹಿಡಿಯಬೇಕು. ಇದರ ಅಂತಾರಾಷ್ಟ್ರೀಯ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್‌ಗೆ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿದೆ.

ಆ ಸಂಸ್ಥೆ ಬಹುಕಾಲ ಬಳಸಿದ 100 ಅಂಕಗಳ ಪಟ್ಟಿಯನ್ನು ನೋಡಿದರೆ ನಮ್ಮ ಗಣೇಶೋತ್ಸವದ ಹಾಳೆಗೂ ಅದಕ್ಕೂ ಇರುವ ಅಂತರ ತಿಳಿಯುತ್ತದೆ. ಇಬ್ಬರು-ಮೂವರು ಸೇರಿ ಒಬ್ಬರನ್ನು ಎತ್ತುವುದಕ್ಕೆ 25, ಪಿರಮಿಡ್‌ಗೆ 25, ಎಸೆದು ಹಿಡಿಯುವುದಕ್ಕೆ 15, ಪಲ್ಟಿಗೆ 10, ಪ್ರೇಕ್ಷಕರನ್ನು ಹುರಿದುಂಬಿಸುವ ಘೋಷಣೆಗೆ 10, ಒಂದರಿಂದ ಇನ್ನೊಂದಕ್ಕೆ ಸಾಗುವ ಓಟಕ್ಕೆ 5, ಒಟ್ಟು ಪ್ರದರ್ಶನಕ್ಕೆ 10. ನೂರರಲ್ಲಿ 65 ಅಂಕ ಮನುಷ್ಯರು ಮನುಷ್ಯರನ್ನು ಎತ್ತಿ ಹಿಡಿಯುವ ಕೆಲಸಕ್ಕೇ ಹೋಗುತ್ತದೆ. ನಮ್ಮ ಹಾಳೆಯಲ್ಲಿ ಕಾಲು ಭಾಗ ಬಟ್ಟೆಗೆ ಹೋಗಿತ್ತು.

ಇದಕ್ಕಿಂತ ಮುಖ್ಯವಾದದ್ದು ಕಡಿತದ ನಿಯಮ. ಚಿಯರ್‌ಲೀಡಿಂಗ್‌ನಲ್ಲಿ ತಪ್ಪುಗಳಿಗೆ ಮೆಟ್ಟಿಲುಗಳಿವೆ. ಮೇಲಿದ್ದವಳು ತೂಗಾಡಿ ಮತ್ತೆ ಸರಿಯಾಗಿ ನಿಂತರೆ ಸಣ್ಣ ಕಡಿತ. ಗೋಪುರ ಕುಸಿದು, ಕೆಳಗಿನವರು ಅವಳನ್ನು ಹಿಡಿದು ಇಳಿಸಿಕೊಂಡರೆ ಅದಕ್ಕಿಂತ ಹೆಚ್ಚು. ಯಾರೂ ಹಿಡಿಯದೆ ಅವಳು ನೆಲಕ್ಕೆ ಬಿದ್ದರೆ ಎಲ್ಲಕ್ಕಿಂತ ಹೆಚ್ಚು. ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಹಿಡಿದ ಕೈಗೆಂದು ಪ್ರತ್ಯೇಕ ಅಂಕವಿಲ್ಲ. ಆದರೆ ಎರಡನೇ ಮೆಟ್ಟಿಲಿಗೂ ಮೂರನೇ ಮೆಟ್ಟಿಲಿಗೂ ನಡುವೆ ಇರುವ ವ್ಯತ್ಯಾಸವೇ ಹಿಡಿದ ಕೈಯ ಬೆಲೆ. ಯಾರೋ ಕುಳಿತು ಯೋಚಿಸಿ ಅದನ್ನು ನಿಯಮದೊಳಗೆ ಬರೆದಿದ್ದಾರೆ. ನನ್ನ ಹಾಳೆಯಲ್ಲಿ ಬೀಳುವುದು ಒಂದೇ ಬಗೆಯದಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಹಾಳೆ ಸರಿಪಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದಾಗುತ್ತದೆ. ಹಾಗಲ್ಲ ಎಂಬುದಕ್ಕೆ ಜಿಮ್ನಾಸ್ಟಿಕ್ಸ್‌ನ ಚರಿತ್ರೆ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 14 ವರ್ಷದ ನಾದಿಯಾ ಕೊಮನೇಚಿಗೆ 10ಕ್ಕೆ 10 ಸಿಕ್ಕಾಗ ಅಂಕಫಲಕಕ್ಕೆ ಆ ಸಂಖ್ಯೆಯನ್ನು ತೋರಿಸಲು ಬರಲಿಲ್ಲ, 1.00 ಎಂದು ತೋರಿಸಿತು. ಪೂರ್ಣಾಂಕ ಸಾಧ್ಯವೇ ಇಲ್ಲ ಎಂದುಕೊಂಡು ಮಾಡಿದ ಯಂತ್ರ ಅದು. ಮುಂದೆ 2004ರ ಅಥೆನ್ಸ್‌ನಲ್ಲಿ ಕೊರಿಯಾದ ಕ್ರೀಡಾಪಟುವೊಬ್ಬರ ಕಸರತ್ತಿನ ಆರಂಭಿಕ ಮೌಲ್ಯವನ್ನು 10ರ ಬದಲು 9.9 ಎಂದು ತಪ್ಪಾಗಿ ಎಣಿಸಿದ್ದರಿಂದ ಪದಕದ ಬಣ್ಣವೇ ಬದಲಾಯಿತು. ಆ ಗದ್ದಲದ ಬೆನ್ನಿಗೆ, 2006ರಲ್ಲಿ, ಹಳೆಯ ಹತ್ತನ್ನು ಕೈಬಿಟ್ಟು ಅಂಕವನ್ನು ಎರಡು ಭಾಗ ಮಾಡಿದರು. ಮಾಡಿದ್ದು ಎಷ್ಟು ಕಠಿಣ ಎಂಬುದಕ್ಕೆ ಒಂದು, ಎಷ್ಟು ಚೊಕ್ಕ ಎಂಬುದಕ್ಕೆ ಇನ್ನೊಂದು. ಒಂದು ಗುಂಪು ಕಾಠಿಣ್ಯವನ್ನು ಎಣಿಸುತ್ತದೆ, ಇನ್ನೊಂದು ದೋಷಗಳನ್ನು.

ಈ ಎರಡು ಭಾಗಗಳ ಅರ್ಥವನ್ನು ನಮಗೆ ಕಲಿಸಿದವರು ತ್ರಿಪುರದ ದೀಪಾ ಕರ್ಮಾಕರ್. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಅವರು ಪ್ರೊಡುನೋವಾ ಎಂಬ ಜಿಗಿತವನ್ನು ಮಾಡಿದರು. ಅದರ ಕಾಠಿಣ್ಯಕ್ಕೆ 7.0. ಇಳಿಯುವಾಗ ದೇಹ ಪೂರ್ತಿ ತಗ್ಗಿತು, ಚೊಕ್ಕತನಕ್ಕೆ 8.266. ಎರಡು ಜಿಗಿತಗಳ ಸರಾಸರಿ 15.066. ಕಂಚು ಗೆದ್ದವರದು 15.216. ಕೇವಲ 0.150 ಅಂತರದಲ್ಲಿ ದೀಪಾ ನಾಲ್ಕನೆಯವರಾದರು. ಅಂದು ರಾತ್ರಿ ನಿದ್ದೆಗೆಟ್ಟು ನೋಡಿದವರೆಲ್ಲ ಆ ದಶಾಂಶವನ್ನು ಬೈದಿದ್ದೇವೆ. ಆದರೆ ಅದೇ ದಶಾಂಶದ ವ್ಯವಸ್ಥೆಯೇ ಅವರನ್ನು ಅಲ್ಲಿಯವರೆಗೆ ತಂದಿತ್ತು ಎಂಬುದೂ ನಿಜ. ಒಳ್ಳೆಯ ಸೌಲಭ್ಯವಿಲ್ಲದ ಊರಿನಿಂದ ಬಂದ ಹುಡುಗಿಗೆ ಫೈನಲ್ ತಲುಪಲು ಇದ್ದ ದಾರಿಗಳಲ್ಲಿ ಒಂದು, ಬೇರೆಯವರು ಹೆದರುವ ಜಿಗಿತವನ್ನು ಕಲಿಯುವುದು.

ನನ್ನ ಮಟ್ಟಿಗೆ ನಿಜವಾದ ನೈತಿಕ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಅಂಕವೆಂದರೆ ನಡೆದದ್ದನ್ನು ಅಳೆಯುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಅಂಕಪಟ್ಟಿ ಮುಂದೆ ನಡೆಯಬೇಕಾದ್ದನ್ನೂ ಹೇಳುತ್ತದೆ. ಯಾವುದಕ್ಕೆ ಅಂಕವಿದೆಯೋ ಅದನ್ನು ಮಕ್ಕಳು ಅಭ್ಯಾಸ ಮಾಡುತ್ತಾರೆ. ಅಪಾಯಕ್ಕೆ ಅಂಕವಿದ್ದರೆ ಅಪಾಯವನ್ನು ಅಭ್ಯಾಸ ಮಾಡುತ್ತಾರೆ. ರಿಯೊ ನಂತರದ ನಿಯಮಾವಳಿಯಲ್ಲಿ ಪ್ರೊಡುನೋವಾದ ಮೌಲ್ಯವನ್ನು ಇಳಿಸಿದರು. 2019ರಲ್ಲಿ ಸಿಮೋನ್ ಬೈಲ್ಸ್ ಬೀಮ್‌ನಿಂದ ಇಳಿಯುವಾಗ ಎರಡು ಪಲ್ಟಿ, ಎರಡು ಸುತ್ತು ಸೇರಿಸಿದಾಗ ಅವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಮೌಲ್ಯ ಕಟ್ಟಿದರು. ಬೇರೆಯವರು ಇದನ್ನು ನೋಡಿ ಕೈ ಹಾಕಿ ಕುತ್ತಿಗೆ ಮುರಿದುಕೊಳ್ಳಬಾರದು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಬೈಲ್ಸ್ ಸಿಟ್ಟಾದರು, ಸಿಟ್ಟು ನ್ಯಾಯವೇ. ಬೇರೆಯವರ ಸಂಭವನೀಯ ದುಡುಕಿಗೆ ತನ್ನ ಸಾಮರ್ಥ್ಯದ ಬೆಲೆ ಇಳಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೂ ನಿಯಮ ಬರೆದವರ ಅಳುಕು ನನಗೆ ಅರ್ಥವಾಗುತ್ತದೆ. ಅವರು ಎದುರಿಗಿದ್ದ ಒಬ್ಬ ಅಸಾಮಾನ್ಯ ಕ್ರೀಡಾಪಟುವನ್ನಷ್ಟೇ ನೋಡುತ್ತಿರಲಿಲ್ಲ, ಇನ್ನೂ ವೇದಿಕೆಗೆ ಬಾರದ ಮಕ್ಕಳನ್ನೂ ನೋಡುತ್ತಿದ್ದರು.

ಚಿಯರ್‌ಲೀಡಿಂಗ್ ಈ ಅಳುಕಿಗೆ ಬೇರೆ ದಾರಿ ಹುಡುಕಿದೆ. ಅಲ್ಲಿ ತಂಡಗಳಿಗೆ ಹಂತಗಳಿವೆ. ಒಂದೊಂದು ಹಂತದಲ್ಲಿ ಎಷ್ಟು ಎತ್ತರ ಎತ್ತಬಹುದು, ಎಂಥ ಪಲ್ಟಿ ಹೊಡೆಯಬಹುದು ಎಂದು ಗೆರೆ ಎಳೆದಿರುತ್ತಾರೆ. ಕೆಳ ಹಂತದ ತಂಡ ಮೇಲಿನ ಹಂತದ ಸಾಹಸ ಮಾಡಿದರೆ ಅಂಕ ಸಿಗುವುದಿಲ್ಲ, ಕಡಿತವಾಗುತ್ತದೆ. ಅದನ್ನು ನೋಡುವುದಕ್ಕೆಂದೇ ಬೇರೆ ಅಧಿಕಾರಿಗಳಿರುತ್ತಾರೆ. ಧೈರ್ಯಕ್ಕೆ ದಂಡವೇ ಎಂದು ಮೊದಲು ಓದಿದಾಗ ನನಗೆ ವಿಚಿತ್ರವೆನಿಸಿತ್ತು. ಈಗ ಹಾಗೆನಿಸುವುದಿಲ್ಲ.

ನಮ್ಮ ಪಕ್ಕದಲ್ಲೇ ಇದಕ್ಕೆ ವಿರುದ್ಧವಾದ ಉದಾಹರಣೆ ಇದೆ. ಮಹಾರಾಷ್ಟ್ರದ ದಹಿಹಂಡಿಯಲ್ಲಿ ಗೋಪುರ ಎತ್ತರವಾದಷ್ಟೂ ಬಹುಮಾನದ ಮೊತ್ತ ಏರುತ್ತದೆ. ತುದಿಗೆ ಹಗುರವಾದವರು ಬೇಕು, ಹಗುರವಾದವರೆಂದರೆ ಮಕ್ಕಳು. 2014ರಲ್ಲಿ ಬಾಂಬೆ ಹೈಕೋರ್ಟ್ 18 ವರ್ಷದೊಳಗಿನವರು ಭಾಗವಹಿಸಬಾರದು, ಗೋಪುರ 20 ಅಡಿ ಮೀರಬಾರದು ಎಂದಿತು. 2017ರಲ್ಲಿ ಎತ್ತರದ ಮಿತಿ ಹೋಯಿತು, ವಯಸ್ಸಿನ ಮಿತಿ 14ಕ್ಕೆ ಇಳಿಯಿತು. ಅಲ್ಲಿ ಕಾಲಂಗಳಿರುವ ಹಾಳೆ ಬೇಕಿಲ್ಲ. ಎತ್ತರದಲ್ಲಿ ತೂಗುವ ಮಡಕೆಯೇ ಅಂಕಪಟ್ಟಿ. ಒಬ್ಬ ಹುಡುಗ ಬಿದ್ದರೆ ಮಡಕೆಯನ್ನು ಅಷ್ಟು ಎತ್ತರಕ್ಕೆ ಕಟ್ಟಿದವರನ್ನು ಯಾರೂ ನಿರ್ಣಾಯಕರು ಅನ್ನುವುದಿಲ್ಲ. ಆದರೆ ತೀರ್ಪು ಕೊಟ್ಟವರು ಅವರೇ.

ಈಗ ನನ್ನ ಹಾಳೆಗೆ ಮರಳುತ್ತೇನೆ. ಹಬ್ಬುವಾಡದ ಆ ಹುಡುಗಿಯರು ಪಿರಮಿಡ್ ಕಟ್ಟಿದ್ದು ಯಾಕೆ? ಯಾವ ಕಾಲಂನಲ್ಲೂ ಪಿರಮಿಡ್ ಎಂದು ಬರೆದಿರಲಿಲ್ಲ. ಆದರೆ 'ಒಟ್ಟಾರೆ ಪರಿಣಾಮ' ಎಂಬ ಕಾಲಂ ಇತ್ತು. ಶಾಲಾ ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿ, ರಾಜ್ಯೋತ್ಸವಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ಆ ಕಾಲಂ ಎಂದರೇನೆಂದು ಚೆನ್ನಾಗಿ ಗೊತ್ತು. ಕೊನೆಗೊಂದು ಪಿರಮಿಡ್ ನಿಂತರೆ ಚಪ್ಪಾಳೆ ಬೀಳುತ್ತದೆ, ಚಪ್ಪಾಳೆ ಬಿದ್ದರೆ ಅಂಕ ಬರುತ್ತದೆ. ಅಂದು ಬೇರೆ ತಂಡವೊಂದು ಮೂವರ ಪುಟ್ಟ ಗೋಪುರ ನಿಲ್ಲಿಸಿದಾಗ ನಾನೂ ಆ ಕಾಲಂನಲ್ಲಿ 9 ಹಾಕಿದ್ದೆ. ಅಂದರೆ ಒಂದು ಕೈಯಿಂದ ಹತ್ತು ಎಂದು ಕರೆದು, ಬಿದ್ದಾಗ ಇನ್ನೊಂದು ಕೈಯಿಂದ ಕಳೆದಿದ್ದೆ. ಮಕ್ಕಳನ್ನು ಹತ್ತಿಸಿದ್ದು ನಮ್ಮಂಥವರ ಅಂಕ. ಬೀಳುವುದರ ಹೊಣೆ ಮಾತ್ರ ಪೂರ್ತಿ ಅವರದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಂದು ಮಳೆ. ವೇದಿಕೆಯ ಮೇಲೆ ಕಟ್ಟಿದ್ದ ತಾಡಪತ್ರಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ತಂಡಕ್ಕೆ ಮೊದಲು ಒಬ್ಬ ಹುಡುಗ ಬಂದು ಗೋಣಿಚೀಲದಿಂದ ಒರೆಸಿಹೋದದ್ದನ್ನು ನಾನು ಕಂಡಿದ್ದೆ. ಕಾಲು ಜಾರಿದ್ದು ಅಲ್ಲೇ. ಕಂಡದ್ದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ, ನಾನು ಜಾಗ ಮಾಡಿಕೊಳ್ಳಲೂ ಇಲ್ಲ.

ನಮ್ಮ ನಾಟ್ಯಶಾಸ್ತ್ರ ಇದನ್ನು ನನಗಿಂತ ಚೆನ್ನಾಗಿ ಯೋಚಿಸಿತ್ತು. ಅಂಕ ಕೊಡುವುದೆಲ್ಲ ಪಶ್ಚಿಮದಿಂದ ಬಂದದ್ದು, ನಮ್ಮದು ಬರೀ ರಸ ಎಂದು ಸೆಮಿನಾರುಗಳಲ್ಲಿ ಕೇಳಿದ್ದೆ. ಆದರೆ ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯದಲ್ಲಿ ಪ್ರಾಶ್ನಿಕರು ಎಂಬ ನಿರ್ಣಾಯಕರ ಮಾತು ಬರುತ್ತದೆ. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಹೀಗೆ ಹತ್ತು ಮಂದಿ. ಒಬ್ಬೊಬ್ಬರು ತಮಗೆ ಗೊತ್ತಿರುವುದನ್ನು ಮಾತ್ರ ನೋಡಬೇಕು. ಲೆಕ್ಕ ಇಡುವವರೂ ಬರೆದುಕೊಳ್ಳುವವರೂ ಅವರ ಜೊತೆಗಿರುತ್ತಾರೆ, ಗೆದ್ದವರಿಗೆ ಪತಾಕೆ ಸಿಗುತ್ತದೆ. ಪ್ರಯೋಗಕ್ಕೆ ಬರುವ ಕೆಡುಕುಗಳನ್ನೂ ಅಲ್ಲಿ ವಿಂಗಡಿಸಿದ್ದಾರೆ. ಗಾಳಿ, ಮಳೆ, ಬೆಂಕಿಯಂಥ ದೈವಿಕವಾದವು. ಎದುರಾಳಿಗಳು ಗದ್ದಲವೆಬ್ಬಿಸಿ ಸೆಗಣಿ ಎಸೆದು ಮಾಡಿದಂಥವು. ನಟನಿಂದಲೇ ಆದವು. ಇವುಗಳಲ್ಲಿ ದೈವದಿಂದ ಆದದ್ದನ್ನೂ ಪರರಿಂದ ಆದದ್ದನ್ನೂ ಬರೆದುಕೊಳ್ಳಬಾರದು ಎಂದು ಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ತಪ್ಪನ್ನು ಕಾಣುವ ಕಣ್ಣಿಗಿಂತ ಮೊದಲು ತಪ್ಪು ಯಾರದು ಎಂದು ಕೇಳುವ ಬುದ್ಧಿ ನಿರ್ಣಾಯಕರಿಗೆ ಇರಬೇಕು ಎಂದು ನಾನು ಇದನ್ನು ಓದಿಕೊಂಡೆ. ಆ ಲೆಕ್ಕದಲ್ಲಿ ತಾಡಪತ್ರಿಯಿಂದ ಸುರಿದ ನೀರು ನನ್ನ ಹಾಳೆಗೆ ಬರಬಾರದಿತ್ತು.

ಇಷ್ಟೆಲ್ಲ ಕೇಳಿದ ಸ್ನೇಹಿತೆಯೊಬ್ಬಳು ಅಂದಳು: 'ಹಾಗಾದ್ರೆ ಅಂಕವೇ ಬೇಡ. ಕುಣಿಯುವ ಮಕ್ಕಳಿಗೆ ಸ್ಪರ್ಧೆ ಯಾಕೆ?' ಅವಳದು ಅಂಕೋಲೆಯ ಕಡೆಯ ಊರು. ಹೋಳಿಯ ಹೊತ್ತಿಗೆ ಅಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡಗಳು ತಲೆಗೆ ತುರಾಯಿ ಕಟ್ಟಿ, ಕೋಲು ಹಿಡಿದು ಮನೆಮನೆಗೆ ಬಂದು ಕುಣಿಯುತ್ತವೆ. ಮನೆಯವರು ಕಾಣಿಕೆ ಕೊಡುತ್ತಾರೆ. ಯಾವ ತಂಡ ಮೊದಲನೆಯದು, ಯಾವುದು ಎರಡನೆಯದು ಎಂದು ಯಾರೂ ಬರೆದಿಡುವುದಿಲ್ಲ. ಒಬ್ಬ ಮುದುಕನ ಹೆಜ್ಜೆ ತಪ್ಪಿದರೆ ಅವನ ಹಿಂದಿನವನು ಸರಿದುಕೊಂಡು ಜಾಗ ಮಾಡಿಕೊಡುತ್ತಾನೆ. ಅದನ್ನು ಐದು ನಿಮಿಷದ ಸ್ಪರ್ಧೆಗೆ ಕತ್ತರಿಸಿ ಕಾಲಂಗಳಲ್ಲಿ ಹಾಕಿದರೆ ಉಳಿಯುವುದು ತುರಾಯಿ ಮಾತ್ರ ಎಂದು ಅವಳ ವಾದ.

ಅವಳ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಎಲ್ಲ ಕುಣಿತವೂ ಅಂಕಕ್ಕೆ ಸಿಗಬೇಕಾಗಿಲ್ಲ, ಸಿಗಲೂಬಾರದು. ಆದರೆ ಸ್ಪರ್ಧೆ ಎಂದು ಕರೆದ ಮೇಲೆ ಕಾಲಂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಯಾರ ಮಗಳು, ಯಾವ ಓಣಿಯವಳು, ಯಾವ ಅಡ್ಡಹೆಸರು, ಬಾಡಿಗೆಗೆ ಎಷ್ಟು ದುಬಾರಿ ವೇಷ ತಂದರು ಎಂಬುದೇ ತೀರ್ಪಾಗುತ್ತದೆ. ಕೈಗೆ ಅಂಕಪಟ್ಟಿ ಇದ್ದರೆ ಸೋತ ಮಗು ಬಂದು 'ಎಷ್ಟು ಕಳದ್ರಿ' ಎಂದು ಕೇಳಬಹುದು. 'ನಮಗೆ ಹಾಗನಿಸಿತು' ಎನ್ನುವವರ ಎದುರು ಅವಳಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ. ಅಂಕಕ್ಕೆ ಇರುವ ದೊಡ್ಡ ಘನತೆ ಅದು ನಿಖರ ಎಂಬುದಲ್ಲ, ಅದನ್ನು ಪ್ರಶ್ನಿಸಬಹುದು ಎಂಬುದು.

ಕರುಣೆಯೂ ಇದಕ್ಕೆ ಪರಿಹಾರವಲ್ಲ. ಡ್ರಾಯಿಂಗ್ ಮಾಸ್ತರರು ಆ ತಂಡಕ್ಕೆ ಎರಡಂಕ ಹೆಚ್ಚೇ ಕೊಟ್ಟಿದ್ದರಂತೆ. 'ಬಿದ್ರೂ ಅಳಲಿಲ್ಲ ನೋಡಿ, ಪಾಪ' ಅಂದರು. ಅವರ ಮನಸ್ಸು ದೊಡ್ಡದು. ಆದರೆ ಬೀಳದೆ, ಚೊಕ್ಕವಾಗಿ, ಯಾರ ಕಣ್ಣಿಗೂ ಬೀಳದ ಹಾಗೆ ಕುಣಿದು ಹೋದ ಮತ್ತೊಂದು ತಂಡದ ಮಕ್ಕಳಿಗೆ ಆ ಎರಡಂಕದ ಲೆಕ್ಕ ಯಾರು ಕೊಡಬೇಕು? ಹಿಡಿದ ಹುಡುಗಿ ಕೇಳಿದ್ದು 'ಪಾಪ' ಎಂಬ ಅಂಕವನ್ನಲ್ಲ. ತಾನು ಮಾಡಿದ ಒಂದು ಕೆಲಸವನ್ನು ನೀವು ನೋಡಿದಿರಾ ಎಂದು ಕೇಳಿದ್ದಳು.

ಹಾಗಾದರೆ ನಾನು ಎರಡಂಕ ಕಳೆದದ್ದು ತಪ್ಪೇ? ಬಹಳ ದಿನ ಯೋಚಿಸಿದ ಮೇಲೆ ನನಗೆ ಅನಿಸಿದ್ದು, ಕಳೆದದ್ದು ತಪ್ಪಲ್ಲ. ಕಟ್ಟಿದ್ದು ನಿಲ್ಲಲಿಲ್ಲ ಎಂಬುದು ನಿಜ, ನಿಜವನ್ನು ಮಕ್ಕಳಿಂದ ಮುಚ್ಚಿಡಬಾರದು. ತಪ್ಪು ಬೇರೆ ಮೂರು ಕಡೆ ಇತ್ತು. ಬಿದ್ದರೆ ಎಷ್ಟು, ಹಿಡಿದರೆ ಎಷ್ಟು ಎಂದು ಮೊದಲೇ ಹೇಳಿರಲಿಲ್ಲ. ನೆಲ ಒದ್ದೆಯಾಗಿದ್ದನ್ನು ಕಂಡೂ ಎದ್ದು ನಿಂತು ಕಾರ್ಯಕ್ರಮ ನಿಲ್ಲಿಸಲಿಲ್ಲ. ಏಳನೇ ತರಗತಿಯ ಮಕ್ಕಳು ಎರಡು ಆಳೆತ್ತರ ಏರುವುದಕ್ಕೆ ಚಪ್ಪಾಳೆಯ ಅಂಕ ಕೊಡುವ ಕಾಲಂ ಇರಬೇಕೇ ಎಂದು ಕೇಳಲಿಲ್ಲ. ಮೂರೂ ತಂಡ ವೇದಿಕೆ ಹತ್ತುವ ಮೊದಲೇ ಆದ ತಪ್ಪುಗಳು. ನಿರ್ಣಾಯಕರ ಕೆಲಸ ಪ್ರದರ್ಶನ ಶುರುವಾದ ಮೇಲೆ ಶುರುವಾಗುತ್ತದೆ ಎಂದು ನಾನು ತಿಳಿದಿದ್ದೆ. ಅದರ ಬಹುಪಾಲು ಅಷ್ಟು ಹೊತ್ತಿಗೆ ಮುಗಿದಿರಬೇಕಿತ್ತು.

ಎರಡು ವರ್ಷದ ನಂತರ ಅದೇ ಊರಿನ ಇನ್ನೊಂದು ಕಾರ್ಯಕ್ರಮಕ್ಕೆ ಕರೆ ಬಂತು. ಬರುತ್ತೇನೆ, ಆದರೆ ಹಾಳೆಯನ್ನು ವಾರ ಮೊದಲೇ ತಂಡಗಳಿಗೆ ಕೊಡಿ ಎಂದು ಕೇಳಿದೆ. ವೇಷಭೂಷಣದ ಅಂಕ 5ಕ್ಕೆ ಇಳಿಸಿ, ಉಳಿದ 5ನ್ನು 'ಒಬ್ಬರನ್ನೊಬ್ಬರು ಕಾಯುವುದು' ಎಂಬ ಕಾಲಂಗೆ ಕೊಡಿ, ಹೆಗಲಿಗಿಂತ ಮೇಲೆ ಹತ್ತುವುದಕ್ಕೆ ಅಂಕವಿಲ್ಲ ಎಂದು ಬರೆಯಿರಿ ಎಂದೂ ಕೇಳಿದೆ. ಹಾಳೆ ಮೊದಲೇ ಕೊಡಲು ಒಪ್ಪಿದರು. ಎತ್ತರದ ಮಾತಿಗೂ ಒಪ್ಪಿದರು. ಹೊಸ ಕಾಲಂ ಬೇಡ, ಜನ ನಗುತ್ತಾರೆ ಅಂದರು. ಸರಿ ಅಂದೆ.

ಆ ಸಲ ಹೊಂದಾಣಿಕೆಯ ಕಾಲಂ ತುಂಬುವಾಗ ನಾನು ಮೇಲಿದ್ದವರನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು ಕೆಳಗೆ, ಹಿಂದಿನ ಸಾಲಿನಲ್ಲಿ, ಕೈ ಚಾಚಿಕೊಂಡು ನಿಂತವರನ್ನು. ಇಡೀ ಸಂಜೆ ಅವರಿಗೆ ಹಿಡಿಯುವ ಸಂದರ್ಭವೇ ಬರಲಿಲ್ಲ. ಆದರೂ ಅವರ ಕಣ್ಣು ಒಮ್ಮೆಯೂ ಪ್ರೇಕ್ಷಕರ ಕಡೆ ಹೊರಳಲಿಲ್ಲ. ಅವರ ತಂಡಕ್ಕೆ 9 ಬರೆದೆ.